ಎಫ್.ಎಂ. ಅನ್ನೋದು ಬೀದಿಯ ಹೆಸರಲ್ಲ!

(ಭಾನುವಾರದ ಯುವಕರ ಕೂಟವೊಂದರಲ್ಲಿ ಹಳೆಯ ರೇಡಿಯೊ ಮೆಕ್ಯಾನಿಕ್ ಒಬ್ಬರು ಆಡಿದ ಮಾತುಗಳ ಬರಹ ರೂಪ)



ವೇದಿಕೆ ಹತ್ತಿ ಮಾತಾಡೋದು ನನ್ನ ಕಸುಬಲ್ಲ. ಎಸ್.ಪಿ. ರೋಡಿನ ಒಂದು ಸಂದಿಯಲ್ಲಿ ಮೂವತ್ತು ವರ್ಷ ಕೂತು ರೇಡಿಯೊ ರಿಪೇರಿ ಮಾಡಿದವನು ನಾನು. ಸೋಲ್ಡರ್ ಹೊಗೆ ಕುಡಿದು ಗಂಟಲು ಹೀಗಾಗಿದೆ, ಮೈಕು ಸ್ವಲ್ಪ ಹತ್ತಿರ ಇಡಿ.

ಮೊನ್ನೆ ನಿಮ್ಮ ಹುಡುಗರು ಮೂವರು ಮನೆಗೆ ಬಂದಿದ್ದರು. ಕೈಯಲ್ಲಿ ಒಂದು ಮನವಿ ಪತ್ರ. ದೆಹಲಿಗೆ ಕಳಿಸೋದಂತೆ, ಸಾವಿರಾರು ಸಹಿ ಹಾಕಿಸೋದಂತೆ. 'ಸಾರ್, ಟೆಕ್ನಿಕಲ್ ಆಗಿ ಸರಿ ಇದೆಯಾ ನೋಡಿಕೊಡಿ' ಅಂದರು. ಕನ್ನಡಕ ಹಾಕಿಕೊಂಡು ಓದಿದೆ. ಮೊದಲನೇ ಬೇಡಿಕೆ ಹೀಗಿತ್ತು: 'ಎ.ಎಂ. ಹಳೇ ಕಾಲದ ಬ್ಯಾಂಡ್ ಆಗಿರುವುದರಿಂದ ಅದನ್ನು ಮುಚ್ಚಿ, ಅದರ ಬದಲು ಕನ್ನಡಕ್ಕೆ ಎಫ್.ಎಂ. ಬ್ಯಾಂಡನ್ನು ಕೊಡಬೇಕು.'

ನಗು ಬಂತು. ಆಮೇಲೆ ನಗು ಹೋಯಿತು. ಯಾಕೆ ಗೊತ್ತೇ? ಈ ಕಾಗದ ದೆಹಲಿಯ ಮೇಜಿನ ಮೇಲೆ ಬಿದ್ದರೆ ಅಲ್ಲಿನ ಅಧಿಕಾರಿ ಅರ್ಧ ಬೇಡಿಕೆಯನ್ನು ಖುಷಿಯಾಗಿ ಒಪ್ಪಿಕೊಳ್ಳುತ್ತಾನೆ. 'ಮುಚ್ಚಿ' ಅನ್ನುವ ಅರ್ಧವನ್ನು! ಇನ್ನರ್ಧಕ್ಕೆ 'ಪರಿಶೀಲನೆಯಲ್ಲಿದೆ' ಅಂತ ಬರೆದು ಕಡತ ಕಟ್ಟುತ್ತಾನೆ. ನಾಳೆ ನೀವು ಗಲಾಟೆ ಮಾಡಿದರೆ 'ಮುಚ್ಚಿ ಅಂತ ಕೇಳಿದವರು ಕನ್ನಡಿಗರೇ ಅಲ್ಲವೇ?' ಅಂತ ನಿಮ್ಮ ಸಹಿಗಳನ್ನೇ ನಿಮ್ಮ ಮುಖಕ್ಕೆ ಹಿಡಿಯುತ್ತಾನೆ.

ಹುಡುಗರು ಒಳ್ಳೆಯವರು, ಕಾಳಜಿಯೂ ನಿಜವಾದದ್ದು. ತಪ್ಪಾಗಿರೋದು ಒಂದೇ ಕಡೆ. ಬ್ಯಾಂಡ್ ಬೇರೆ, ಮಾಡ್ಯುಲೇಷನ್ ಬೇರೆ. ಬೀದಿ ಬೇರೆ, ಆ ಬೀದಿಯಲ್ಲಿ ಮಾತಾಡುವ ಧಾಟಿ ಬೇರೆ. ಇದೊಂದು ತಲೆಗೆ ಹೋದರೆ ಸಾಕು ಅಂತಲೇ ಇವತ್ತು ಬಂದಿದ್ದೇನೆ.

ತಪ್ಪು ನಿಮ್ಮದಲ್ಲ. ತಪ್ಪು ರೇಡಿಯೊ ಸೆಟ್ಟಿನ ಸ್ವಿಚ್ಚಿನದು. ನಿಮ್ಮ ಅಜ್ಜನ ಕಾಲದ ಸೆಟ್ಟಿನಲ್ಲಿ ಬ್ಯಾಂಡ್ ಸ್ವಿಚ್ಚಿನ ಪಕ್ಕ ಏನು ಬರೆದಿರುತ್ತಿತ್ತು? ಎಂ.ಡಬ್ಲ್ಯು., ಎಸ್.ಡಬ್ಲ್ಯು. 1, ಎಸ್.ಡಬ್ಲ್ಯು. 2. ಮಧ್ಯಮ ತರಂಗ, ಕಿರು ತರಂಗ. ಮೂರೂ ಬೀದಿಯ ಹೆಸರುಗಳೇ. ಆಮೇಲೆ ಬಂದ ಸೆಟ್ಟುಗಳಲ್ಲಿ ಎಫ್.ಎಂ., ಎಂ.ಡಬ್ಲ್ಯು., ಎಸ್.ಡಬ್ಲ್ಯು. ಅಂತ ಬರೆದರು. ನೋಡಿ ಎಂಥ ಕಲಬೆರಕೆ! 'ಬಸವನಗುಡಿ, ಮಲ್ಲೇಶ್ವರ, ಸೈಕಲ್ ಸವಾರಿ' ಅಂತ ಒಂದೇ ಪಟ್ಟಿಯಲ್ಲಿ ಬರೆದ ಹಾಗೆ. ಎರಡು ಬಡಾವಣೆಯ ಹೆಸರು, ಮೂರನೆಯದು ಹೋಗುವ ರೀತಿ. ಕಾರಿನ ಸೆಟ್ಟುಗಳಲ್ಲಿ ಇನ್ನೂ ಮೋಜು, ಬರೀ ಎ.ಎಂ., ಎಫ್.ಎಂ. ಎರಡೂ ಧಾಟಿಯ ಹೆಸರು, ಬೀದಿಯ ಹೆಸರೇ ನಾಪತ್ತೆ!

ಮೊದಲು ಬೀದಿಯ ವಿಚಾರ. ಹಳಬರಿಗೆ ನೆನಪಿರುತ್ತದೆ. ಬೆಂಗಳೂರು ಆಕಾಶವಾಣಿ ಅಂದರೆ 612 ಕಿಲೋಹರ್ಟ್ಸ್, ಮೀಟರಿನ ಲೆಕ್ಕದಲ್ಲಿ 490.2. ಧಾರವಾಡ 765. ಭದ್ರಾವತಿ 675. ಮಂಗಳೂರು 1089. ಕಲಬುರಗಿ 1107. ಈ ಅಂಕಿಗಳಲ್ಲಿ ಒಂದು ತಮಾಷೆ ಇದೆ. ಯಾವುದಾದರೂ ಒಂದರ ಅಂಕೆಗಳನ್ನು ಕೂಡಿಸಿ. ಆರು, ಒಂದು, ಎರಡು: ಒಂಬತ್ತು. ಏಳು, ಆರು, ಐದು: ಹದಿನೆಂಟು. ಎಲ್ಲವೂ ಒಂಬತ್ತರ ಮಗ್ಗಿಯಲ್ಲೇ ಬರುತ್ತವೆ. ಇದು ಕಾಕತಾಳೀಯವಲ್ಲ. 1975ರಲ್ಲಿ ಜಿನೀವಾದಲ್ಲಿ ಕೂತು ಏಷ್ಯಾ, ಯೂರೋಪು, ಆಫ್ರಿಕಾದ ದೇಶಗಳು ಮಧ್ಯಮ ತರಂಗದ ಬೀದಿಯಲ್ಲಿ ಸೈಟು ಹಂಚಿಕೊಂಡವು. ನಮ್ಮ ಕಡೆ ಬೀದಿ ಶುರುವಾಗೋದು 531ರಲ್ಲಿ, ಮುಗಿಯೋದು 1602ರಲ್ಲಿ. ಒಂಬತ್ತು ಒಂಬತ್ತು ಕಿಲೋಹರ್ಟ್ಸಿಗೆ ಒಂದು ಸೈಟು, ಒಟ್ಟು 120 ಸೈಟು. 1978ರ ನವೆಂಬರಿನಿಂದ ಅದು ಜಾರಿಗೆ ಬಂತು.

ಅಮೆರಿಕದವರು ಬೇರೆ ದಾರಿ. ಅವರದು ಹತ್ತರ ಮಗ್ಗಿ. ಹಾಗಾಗಿ ಮಗ ಅಮೆರಿಕದಿಂದ ತಂದುಕೊಟ್ಟ ಡಿಜಿಟಲ್ ಸೆಟ್ಟು ಹಿಡಿದುಕೊಂಡು ಯಜಮಾನರು ನನ್ನ ಅಂಗಡಿಗೆ ಬರುತ್ತಿದ್ದರು. 'ಇಷ್ಟು ದುಡ್ಡು ಕೊಟ್ಟದ್ದು, ಬೆಂಗಳೂರೇ ಸರಿಯಾಗಿ ಕೇಳಲ್ಲವಲ್ಲಪ್ಪಾ!' ಅದು 610ಕ್ಕೆ ನಿಲ್ಲುತ್ತದೆ, ಮುಂದಿನ ಹೆಜ್ಜೆ 620. ನಮ್ಮ 612ರ ಬಾಗಿಲಿಗೆ ಹೋಗೋದೇ ಇಲ್ಲ. ಎಫ್.ಎಂ.ನಲ್ಲೂ ಅದೇ ಪಾಡು. ಅವರ ಸೆಟ್ಟು ಕೊನೆಯ ಅಂಕೆ ಬೆಸ ಇದ್ದರೆ ಮಾತ್ರ ನಿಲ್ಲುತ್ತದೆ. ಬೆಂಗಳೂರಿನ 101.3 ಸಿಗುತ್ತದೆ, ಮೈಸೂರಿನ 100.6 ಸಿಗೋದಿಲ್ಲ. ಕೆಲವು ಸೆಟ್ಟುಗಳ ಹಿಂಭಾಗದಲ್ಲಿ ಒಂಬತ್ತು-ಹತ್ತು ಅಂತ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಅದನ್ನು ಬೆಂಕಿಕಡ್ಡಿಯಲ್ಲಿ ಸರಿಸಿ ಕೊಟ್ಟು ಕಾಫಿಗೆ ಮಾತ್ರ ಕಾಸು ಇಸಕೊಂಡ ದಿನಗಳೂ ಉಂಟು.

ಇನ್ನು ಧಾಟಿ. ತಂಬೂರಿ ಶ್ರುತಿ ಮೀಟುತ್ತಾ ಇದೆ ಅಂದುಕೊಳ್ಳಿ. ಬರೀ ಶ್ರುತಿಯಲ್ಲಿ ಸುದ್ದಿ ಇಲ್ಲ, ಹಾಡೂ ಇಲ್ಲ. ರೇಡಿಯೊ ಸ್ಟೇಷನ್ನು ಆಕಾಶಕ್ಕೆ ಬಿಡುವ ಅಲೆಯೂ ಹಾಗೇ, ಒಂದೇ ಸಮ ನಡೆಯುವ ಶ್ರುತಿ. ಅದರ ಮೇಲೆ ನಮ್ಮ ಮಾತನ್ನು ಹೊರಿಸಬೇಕು. ಆ ಹೊರಿಸುವ ಕೆಲಸಕ್ಕೆ ಮಾಡ್ಯುಲೇಷನ್ ಅಂತ ಹೆಸರು. ಒಂದು ಉಪಾಯ: ಶ್ರುತಿಯನ್ನು ಕದಲಿಸದೆ, ಮಾತಿಗೆ ತಕ್ಕಂತೆ ಜೋರು ಮಾಡೋದು, ಮೆಲ್ಲಗೆ ಮಾಡೋದು. ಅದು ಎ.ಎಂ. ಇನ್ನೊಂದು ಉಪಾಯ: ಜೋರು ಒಂದೇ ಸಮ ಇಟ್ಟು, ಶ್ರುತಿಯನ್ನೇ ಆಚೆ ಈಚೆ ಓಲಾಡಿಸೋದು, ನಮ್ಮ ಸಂಗೀತಗಾರರು ಗಮಕದಲ್ಲಿ ಸ್ವರವನ್ನು ತೂಗುವ ಹಾಗೆ. ಅದು ಎಫ್.ಎಂ. ಇಷ್ಟೇ ವಿಷಯ. ಇದರಲ್ಲಿ ಎಲ್ಲಾದರೂ ಬೀದಿಯ ಹೆಸರು ಬಂತೇ? 612ರಲ್ಲಿ ಕೂತು ಗಮಕ ಹಾಕಬೇಡಿ ಅಂತ ಪ್ರಕೃತಿ ಹೇಳಿಲ್ಲ. 101ರಲ್ಲಿ ಕೂತು ಜೋರು-ಮೆಲ್ಲಗೆ ಮಾಡಬೇಡಿ ಅಂತಲೂ ಹೇಳಿಲ್ಲ.

'ಹಾಗಾದರೆ ಎಲ್ಲರೂ ಯಾಕೆ ಒಂದೇ ಥರ ಮಾಡ್ತಾರೆ ಸಾರ್?' ಅಂತ ಒಬ್ಬ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ಜಾಗದ ಪ್ರಶ್ನೆ ತಮ್ಮಾ. ಗಮಕ ಹಾಕಿ ಹಾಡುವವನಿಗೆ ಕೈ ಬೀಸಲು ಜಾಗ ಬೇಕು. ಎಫ್.ಎಂ. ಸ್ಟೇಷನ್ನು ತನ್ನ ಅಲೆಯನ್ನು ಆಚೆಗೆ 75 ಕಿಲೋಹರ್ಟ್ಸ್, ಈಚೆಗೆ 75 ಕಿಲೋಹರ್ಟ್ಸ್ ತೂಗುತ್ತದೆ. ಅಂಚು ಪಂಚೆ ಎಲ್ಲ ಸೇರಿ 200 ಕಿಲೋಹರ್ಟ್ಸ್ ಬೇಕು. ಮಧ್ಯಮ ತರಂಗದ ಇಡೀ ಬೀದಿ ಎಷ್ಟಗಲ? ಸುಮಾರು 1080 ಕಿಲೋಹರ್ಟ್ಸ್. 120 ಸ್ಟೇಷನ್ನು ಕೂರುವ ಕಡೆ ಎಫ್.ಎಂ. ಐದು ಕೂರಬಹುದು! ಅದಕ್ಕೇ ಎಫ್.ಎಂ.ನವರು ಊರ ಹೊರಗೆ, 88ರಿಂದ 108 ಮೆಗಾಹರ್ಟ್ಸಿನ ದೊಡ್ಡ ಮೈದಾನಕ್ಕೆ ಹೋಗಿ ಮನೆ ಕಟ್ಟಿದರು. ಎ.ಎಂ.ನವರು ಒಂಬತ್ತು ಕಿಲೋಹರ್ಟ್ಸಿನ ವಠಾರದ ಮನೆಯಲ್ಲಿ ಉಳಿದರು. ಒಂಬತ್ತರಲ್ಲಿ ಅರ್ಧದಷ್ಟು ಮಾತ್ರ ಸ್ವರಕ್ಕೆ ಸಿಗೋದು, ಹಾಗಾಗಿ ಪಿಟೀಲಿನ ಮೇಲಿನ ಮೆರುಗು ಕತ್ತರಿಸಿ ಹೋಗುತ್ತದೆ. ಎಫ್.ಎಂ.ನಲ್ಲಿ 15 ಕಿಲೋಹರ್ಟ್ಸಿನವರೆಗಿನ ಸ್ವರ ಬರುತ್ತದೆ.

ಈಗ ಯಾವ ದೂರು ಯಾರ ಮೇಲೆ ಹೊರಿಸಬೇಕು ನೋಡೋಣ. ನನ್ನ ಅಂಗಡಿಗೆ ಬರುತ್ತಿದ್ದ ದೂರುಗಳು ಮುಖ್ಯವಾಗಿ ಎರಡು. 'ಎ.ಎಂ. ಬರೀ ಗೊರಗೊರ ಅನ್ನುತ್ತೆ.' 'ಎಫ್.ಎಂ. ನಮ್ಮೂರಲ್ಲಿ ಸಿಗೋದೇ ಇಲ್ಲ.' ಮೊದಲನೆಯದು ಹೆಚ್ಚಾಗಿ ಧಾಟಿಯ ತಪ್ಪು. ಮಿಂಚು, ಮಿಕ್ಸಿ, ಸ್ಕೂಟರಿನ ಪ್ಲಗ್ಗು, ಈಗಿನ ಎಲ್.ಇ.ಡಿ. ಬಲ್ಬು, ಮೊಬೈಲ್ ಚಾರ್ಜರು ಎಲ್ಲವೂ ಅಲೆಯ ಜೋರನ್ನು ಕೆಡಿಸುತ್ತವೆ. ಎ.ಎಂ.ನಲ್ಲಿ ಸುದ್ದಿ ಇರೋದೇ ಜೋರಿನಲ್ಲಿ, ಹಾಗಾಗಿ ಗಲೀಜೂ ಸುದ್ದಿಯ ಜೊತೆ ಒಳಗೆ ಬರುತ್ತದೆ. ಎಫ್.ಎಂ. ಸೆಟ್ಟು ಜೋರನ್ನು ಕತ್ತರಿಸಿ ಎಸೆದುಬಿಡುತ್ತದೆ, ಬರೀ ಓಲಾಟವನ್ನು ನೋಡುತ್ತದೆ. ಗಲೀಜು ಕತ್ತರಿಸಿದ ತುಂಡಿನ ಜೊತೆ ಹೋಯಿತು. ಆದರೆ ಎರಡನೇ ದೂರು ಇದೆಯಲ್ಲ, ಅದರಲ್ಲಿ ಎಫ್.ಎಂ.ನ ತಪ್ಪು ಏನೂ ಇಲ್ಲ. ಅದು ಬೀದಿಯ ಗುಣ. ನೂರು ಮೆಗಾಹರ್ಟ್ಸಿನ ಅಲೆ ಹೆಚ್ಚು ಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಗುಡ್ಡದ ಹಿಂದಿನ ಊರಿಗೆ ಇಲ್ಲ. ಮಧ್ಯಮ ತರಂಗ ನೆಲ ಸವರಿಕೊಂಡು ನಡೆಯುತ್ತದೆ. ರಾತ್ರಿಯಾದರೆ ಮೇಲಿನ ಆಕಾಶಕ್ಕೆ ತಾಗಿ ವಾಪಸು ಬರುತ್ತದೆ. ಹಗಲು ಅದನ್ನು ನುಂಗುತ್ತಿದ್ದ ಅಯಾನುಗಳ ಕೆಳಪದರ ಸೂರ್ಯ ಮುಳುಗಿದ ಮೇಲೆ ಕರಗಿ ಹೋಗುತ್ತದೆ, ಅದಕ್ಕೇ. ಮುಂಬಯಿಯ ಚಾಳಿನಲ್ಲಿದ್ದ ಕನ್ನಡಿಗ ರಾತ್ರಿ ಊಟ ಮುಗಿಸಿ ಧಾರವಾಡ ಹುಡುಕುತ್ತಿದ್ದನಲ್ಲ, ಅದು ಎ.ಎಂ.ನ ಪವಾಡವಲ್ಲ, ಬೀದಿಯ ಪವಾಡ.

ನಂಬಿಕೆ ಬರಲಿಲ್ಲವೇ? ಹಳೇ ದೂರದರ್ಶನ ನೆನೆಸಿಕೊಳ್ಳಿ. 1981ರಿಂದ ಬೆಂಗಳೂರಿನ ತಾರಸಿಗಳ ಮೇಲೆಲ್ಲ ಮೀನಿನ ಮೂಳೆಯ ಹಾಗಿನ ಆಂಟೆನಾ ಬಂತು. ಒಂದೇ ಆಂಟೆನಾ, ಒಂದೇ ಚಾನೆಲ್ಲು. ಆದರೆ ಚಿತ್ರ ಬರುತ್ತಿದ್ದದ್ದು ಎ.ಎಂ.ನಲ್ಲಿ, ಧ್ವನಿ ಎಫ್.ಎಂ.ನಲ್ಲಿ! ಬೀದಿಯಲ್ಲಿ ಸ್ಕೂಟರು ಹೋದರೆ ಚಿತ್ರದ ತುಂಬ ಚುಕ್ಕೆ ಚುಕ್ಕೆ, ವಾರ್ತೆ ಓದುವವರ ಧ್ವನಿ ಮಾತ್ರ ಸ್ಫಟಿಕದ ಹಾಗೆ. ಮನೆಮಂದಿಯೆಲ್ಲ ಎರಡು ಧಾಟಿಯ ಪರೀಕ್ಷೆಯನ್ನು ದಿನಾ ನೋಡುತ್ತಿದ್ದರು. ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಇನ್ನೂ ಬೇಕೇ? ಎಫ್.ಎಂ. ಮೈದಾನ ಮುಗಿಯೋದು 108 ಮೆಗಾಹರ್ಟ್ಸಿಗೆ. ಅಲ್ಲಿಂದ ಸ್ವಲ್ಪ ಮುಂದೆ, 118ರಿಂದ 137ರವರೆಗೆ ವಿಮಾನದವರ ಬೀದಿ. ದೇವನಹಳ್ಳಿಯಲ್ಲಿ ಇಳಿಯುವ ವಿಮಾನದ ಪೈಲಟ್ಟು ಗೋಪುರದ ಜೊತೆ ಮಾತಾಡೋದು ಅಲ್ಲೇ. ಯಾವ ಧಾಟಿ? 'ಹಳೇ ಕಾಲದ' ಎ.ಎಂ.! ಇಡೀ ಜಗತ್ತಿನಲ್ಲಿ ಹೀಗೇ. ಅವರಿಗೇನು ಎಫ್.ಎಂ. ಗೊತ್ತಿಲ್ಲವೇ? ಗೊತ್ತು. ಎಫ್.ಎಂ.ಗೆ ಒಂದು ದುರಭ್ಯಾಸ ಇದೆ. ಒಂದೇ ಜಾಗದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಅದು ಜೋರಿನವನನ್ನು ಹಿಡಿದು ಮೆಲ್ಲಗಿನವನ ಬಾಯಿಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಇನ್ನೊಬ್ಬ ಕೂಗುತ್ತಿದ್ದ ಅನ್ನೋ ಸುಳಿವೂ ಸಿಗೋದಿಲ್ಲ. ಎ.ಎಂ.ನಲ್ಲಿ ಇಬ್ಬರ ಅಲೆಯೂ ಒಂದರ ಮೇಲೊಂದು ಬಿದ್ದು ಕೀಚಲು ಶಬ್ದ ಬರುತ್ತದೆ. ಮಾತು ಅರ್ಥವಾಗದೆ ಇರಬಹುದು, ಆದರೆ ಇನ್ನೊಬ್ಬನೂ ಮಾತಾಡಿದ ಅನ್ನೋದಾದರೂ ಗೊತ್ತಾಗುತ್ತದೆ.

1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನರೀಫ್ ದ್ವೀಪದಲ್ಲಿ ಏನಾಯಿತು ಅಂತ ಓದಿಕೊಳ್ಳಿ. ಮಂಜು ಕವಿದ ವಿಮಾನ ನಿಲ್ದಾಣ. ಕೆ.ಎಲ್.ಎಂ. ಸಂಸ್ಥೆಯ ಜಂಬೋ ಹಾರಲು ಓಟ ಶುರು ಮಾಡಿದೆ. ಅದೇ ಓಡುದಾರಿಯ ಮೇಲೆ ಪ್ಯಾನ್ ಆಮ್ ಸಂಸ್ಥೆಯ ಇನ್ನೊಂದು ಜಂಬೋ ಇನ್ನೂ ತೆವಳುತ್ತಾ ಇದೆ. ಗೋಪುರದವನು 'ಸರಿ' ಅಂದು, ಕಾಯಿರಿ ಅಂತ ಮುಂದುವರಿಸಿದ. ಅದೇ ಕ್ಷಣಕ್ಕೆ ಪ್ಯಾನ್ ಆಮ್‌ನವರು ನಾವಿನ್ನೂ ಓಡುದಾರಿಯ ಮೇಲೇ ಇದ್ದೇವೆ ಅಂತ ಹೇಳಿದರು. ಎರಡು ಅಲೆ ಡಿಕ್ಕಿ ಹೊಡೆದವು. ಕೆ.ಎಲ್.ಎಂ.ನ ಕಾಕ್‌ಪಿಟ್ಟಿನಲ್ಲಿ 'ಸರಿ' ಅನ್ನೋದು ಕೇಳಿತು, ಆಮೇಲೆ ಮೂರ್ನಾಲ್ಕು ಸೆಕೆಂಡು ಕೀಚಲು. 583 ಜನ ಸತ್ತರು. ಆ ಕೀಚಲು 'ಏನೋ ತಪ್ಪಿಹೋಯಿತು, ಮತ್ತೆ ಕೇಳು' ಅನ್ನುವ ಸೂಚನೆಯಾಗಿತ್ತು. ಕ್ಯಾಪ್ಟನ್ ಮತ್ತೆ ಕೇಳಲಿಲ್ಲ. ಧಾಟಿ ತನ್ನ ಕೆಲಸ ಮಾಡಿತ್ತು ಅಂತ ನಾನು ಹೇಳುತ್ತೇನೆ. ಹಾಗೆ ಹೇಳಿದರೂ ಎದೆ ತಣ್ಣಗಾಗೋದಿಲ್ಲ.

ಸರಿ, ಈಗ ಈ ವಿಷಯದ ಹೊಟ್ಟೆಗೆ ಬರೋಣ. ಎಫ್.ಎಂ. ಅಂದರೆ 88ರಿಂದ 108 ಅಂತ ಯಾರು ಹೇಳಿದ್ದು? ಜಪಾನಿನಲ್ಲಿ ಬಹುಕಾಲ 76ರಿಂದ 90ರವರೆಗೆ ಇತ್ತು. ಅಲ್ಲಿನ ಹಳೇ ಕಾರಿನ ಸೆಟ್ಟು ತಂದು ಬೆಂಗಳೂರಿನಲ್ಲಿ ಹಾಕಿದರೆ ನಮ್ಮ ಸಮುದಾಯ ಬಾನುಲಿಯ 90.4 ಕೂಡ ಅದಕ್ಕೆ ಸಿಗೋದಿಲ್ಲ. ಸೋವಿಯತ್ ಒಕ್ಕೂಟದಲ್ಲಿ 66ರಿಂದ 74ರ ಆಸುಪಾಸು ಇತ್ತು. ಎಫ್.ಎಂ. ಹುಟ್ಟಿದ ಅಮೆರಿಕದಲ್ಲೇ ಅದರ ಮೊದಲ ಮನೆ 42ರಿಂದ 50. ಆ ಮನೆ ಬಿಡಿಸಿದ ಕಥೆಯನ್ನು ನೀವು ಕೇಳಲೇಬೇಕು.

ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅಂತ ಒಬ್ಬ. ಇವತ್ತಿಗೂ ನಾವು ರಿಪೇರಿ ಮಾಡುವ ಸೆಟ್ಟುಗಳ ಒಳಗಿನ ಸೂಪರ್‌ಹೆಟ್ ಜೋಡಣೆ ಮೊದಲನೇ ಮಹಾಯುದ್ಧದ ಕಾಲದಲ್ಲಿ ಅವನಿಗೆ ಹೊಳೆದದ್ದು. 1922ರಲ್ಲಿ ಜಾನ್ ಕಾರ್ಸನ್ ಅನ್ನುವ ದೊಡ್ಡ ಗಣಿತಜ್ಞ ಎಫ್.ಎಂ.ನಿಂದ ಲಾಭವಿಲ್ಲ ಅಂತ ಲೆಕ್ಕ ಹಾಕಿ ತೋರಿಸಿದ್ದ. ಎಲ್ಲರೂ ಕಡಿಮೆ ಜಾಗದಲ್ಲಿ ಗಮಕ ಹಾಕಲು ಹೋಗಿ ಸೋತಿದ್ದರು. ಇವನು ಜಾಗ ಜಾಸ್ತಿ ಮಾಡಿದ. 1933ರ ಡಿಸೆಂಬರಿನಲ್ಲಿ ಪೇಟೆಂಟು ಬಂತು. 1935ರಲ್ಲಿ ನ್ಯೂಯಾರ್ಕಿನ ಎಂಜಿನಿಯರುಗಳ ಮುಂದೆ ತೋರಿಸಿದ. 1941ಕ್ಕೆ 42ರಿಂದ 50 ಮೆಗಾಹರ್ಟ್ಸಿನಲ್ಲಿ ವಾಣಿಜ್ಯ ಸ್ಟೇಷನ್ನುಗಳು ಶುರುವಾದವು. ಜನ ಸೆಟ್ಟು ಕೊಂಡರು.

1945ರಲ್ಲಿ ಅಲ್ಲಿನ ಸರಕಾರಿ ಆಯೋಗ ಒಂದು ತೀರ್ಮಾನ ಮಾಡಿತು. ಸೂರ್ಯನ ಕಲೆಗಳ ಕಾಲದಲ್ಲಿ ಕೆಳಗಿನ ಬೀದಿಯಲ್ಲಿ ದೂರದ ಸ್ಟೇಷನ್ನುಗಳ ಕಾಟ ಬರುತ್ತದೆ, ಆದ್ದರಿಂದ ಎಫ್.ಎಂ. ಮೇಲಕ್ಕೆ, 88ರ ಆಚೆಗೆ ಹೋಗಲಿ ಅಂತ. ಧಾಟಿಯನ್ನು ಯಾರೂ ಮುಟ್ಟಲಿಲ್ಲ. ಬೀದಿ ಮಾತ್ರ ಬದಲಾಯಿತು. ಜನರ ಮನೆಯ ಲಕ್ಷಾಂತರ ಸೆಟ್ಟುಗಳು ಗುಜರಿಗೆ ಬಿದ್ದವು, ಸ್ಟೇಷನ್ನುಗಳು ಮತ್ತೆ ಹೊಸ ಪ್ರಸಾರಕ ಕಟ್ಟಬೇಕಾಯಿತು. ಎಫ್.ಎಂ. ಹತ್ತಾರು ವರ್ಷ ಹಿಂದೆ ಬಿತ್ತು. ಇದರಿಂದ ಎ.ಎಂ.ನಲ್ಲಿ, ಟಿ.ವಿ.ಯಲ್ಲಿ ಬಂಡವಾಳ ಹಾಕಿದ್ದ ಕಂಪನಿಗಳಿಗೆ ಅನುಕೂಲವಾಯಿತು ಅನ್ನೋದು ಆರ್ಮ್‌ಸ್ಟ್ರಾಂಗನ ಕೊರಗು. ಟಿ.ವಿ.ಯ ಧ್ವನಿಗೆ ತನ್ನದೇ ಎಫ್.ಎಂ. ಬಳಸಿಕೊಂಡು ರಾಯಲ್ಟಿ ಕೊಡಲಿಲ್ಲ ಅಂತ 1948ರಲ್ಲಿ ಆರ್.ಸಿ.ಎ. ಕಂಪನಿಯ ಮೇಲೆ ಮೊಕದ್ದಮೆ ಹೂಡಿದ. ಕೋರ್ಟು ಅಲೆದು ಅಲೆದು ಕೈ ಬರಿದಾಯಿತು, ಮನೆ ಒಡೆಯಿತು. 1954ರ ಜನವರಿ 31ರಂದು ಹದಿಮೂರನೇ ಮಹಡಿಯ ಕಿಟಕಿಯಿಂದ ಹಾರಿ ಪ್ರಾಣ ಬಿಟ್ಟ. ಅವನ ಹೆಂಡತಿ ಮೇರಿಯನ್ ಬಿಡಲಿಲ್ಲ. ಒಂದೊಂದೇ ಮೊಕದ್ದಮೆ ನಡೆಸಿ, ಕೊನೆಯದನ್ನು 1967ರಲ್ಲಿ ಗೆದ್ದಳು.

ನೋಡಿದಿರಾ? ಧಾಟಿ ಉಳಿದು ಬೀದಿ ಹೋದರೆ ಸೆಟ್ಟು ಗುಜರಿಗೆ. ಇದರ ತಿರುವುಮುರುವು ನಿಮ್ಮ ಕಾಲದಲ್ಲೇ ನಡೆದಿದೆ. ಅಪ್ಪಂದಿರ ಕೈಯಲ್ಲಿದ್ದ ಸಿ.ಡಿ.ಎಂ.ಎ. ಹ್ಯಾಂಡ್‌ಸೆಟ್ಟು ನೆನಪಿದೆಯೇ? 850 ಮೆಗಾಹರ್ಟ್ಸಿನ ಬೀದಿಯಲ್ಲಿ ಓಡುತ್ತಿತ್ತು. ಈಗ ಅದೇ 850ರಲ್ಲಿ 4ಜಿ ಓಡುತ್ತಿದೆ. ಬೀದಿ ಅದೇ, ಧಾಟಿ ಬದಲಾಯಿತು, ಹಳೇ ಸೆಟ್ಟು ಮೇಜಿನ ಡ್ರಾಯರಿಗೆ. ನಿಮ್ಮ ವೈಫೈ, ಬ್ಲೂಟೂತು ಎರಡೂ 2.4 ಗಿಗಾಹರ್ಟ್ಸಿನ ಒಂದೇ ಓಣಿಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಓಡಾಡುತ್ತವೆ, ಒಬ್ಬರ ಮಾತು ಒಬ್ಬರಿಗೆ ತಿಳಿಯೋದಿಲ್ಲ.

ಈಗ ನಿಮ್ಮ ಮನವಿ ಪತ್ರಕ್ಕೆ ಬರುತ್ತೇನೆ. 'ಎ.ಎಂ. ಮುಚ್ಚಿ' ಅಂದರೆ ಏನು ಮುಚ್ಚಿದ ಹಾಗೆ? ನೀವು ಧಾಟಿಯನ್ನು ಬೈಯುತ್ತಿದ್ದೀರಿ, ಅವರು ಬೀದಿಯನ್ನು ಮುಚ್ಚುತ್ತಾರೆ. ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹಲವು ಹಳೇ ಮಧ್ಯಮ ತರಂಗ ಪ್ರಸಾರಕಗಳು ನಿಂತಿವೆ. 'ಹಳೇ ತಂತ್ರಜ್ಞಾನ, ಎಫ್.ಎಂ. ಇದೆಯಲ್ಲ' ಅನ್ನೋದು ಸುಲಭದ ಉತ್ತರ. ಗೊರಗೊರ ಅನ್ನೋ ಧಾಟಿ ಹಳೇದು, ಒಪ್ಪುತ್ತೇನೆ. ಮಲೆನಾಡಿನ ಗುಡ್ಡ ದಾಟಿ ಹೋಗುವ ಬೀದಿ ಎಂದಾದರೂ ಹಳೇದಾಗುತ್ತದೆಯೇ? ಆ ಬೀದಿಯಲ್ಲೇ ಹೊಸ ಧಾಟಿ ಹಾಕಬಹುದು. ಹಾಕಿಯೂ ಇದ್ದಾರೆ. ಡಿ.ಆರ್.ಎಂ. ಅನ್ನುವ ಡಿಜಿಟಲ್ ಪದ್ಧತಿಗೆ ಆಕಾಶವಾಣಿ 2010ರ ದಶಕದಲ್ಲಿ ಹತ್ತಾರು ಮಧ್ಯಮ ತರಂಗ ಪ್ರಸಾರಕಗಳನ್ನು ಸಜ್ಜು ಮಾಡಿತು, ಬೆಂಗಳೂರಿನದೂ ಅದರಲ್ಲಿ ಸೇರಿದೆ. ಅದೇ ಬೀದಿ, ಗೊರಗೊರ ಇಲ್ಲ. ಆದರೆ ಕೇಳುವ ಸೆಟ್ಟು ಎಲ್ಲಿ? ಕೆಲವು ಹೊಸ ಕಾರುಗಳಲ್ಲಿ ಇದೆ. ಹೊಲದಲ್ಲಿ ಕೂತವನ ಜೇಬಿಗೆ ಹೋಗುವ ಬೆಲೆಯ ಸೆಟ್ಟು ನಾನಂತೂ ಎಸ್.ಪಿ. ರೋಡಿನಲ್ಲಿ ಕಂಡಿಲ್ಲ. ನೀವು ಕೇಳಬೇಕಾದದ್ದು ಅಗ್ಗದ ಸೆಟ್ಟು. 'ಮುಚ್ಚಿ' ಅಂತ ಕೇಳಿದರೆ ನಮ್ಮ ಕೈಯಿಂದಲೇ ನಮ್ಮ ಬಾಗಿಲು.

ಇನ್ನು 'ಕನ್ನಡಕ್ಕೆ ಎಫ್.ಎಂ. ಬ್ಯಾಂಡ್ ಕೊಡಿ' ಅನ್ನೋದು. ಬ್ಯಾಂಡನ್ನು ಯಾವ ಭಾಷೆಗೂ ಯಾರೂ ಕೊಡೋದಿಲ್ಲ. ಕೊಡೋದು ಸೈಟು. ಬೆಂಗಳೂರಿನ ಡಯಲ್ಲು ನೆನಪಿಸಿಕೊಳ್ಳಿ: 91.1, 91.9, 92.7, 93.5, 94.3. ನಡುವೆ ಎಷ್ಟು ಅಂತರ? ಪ್ರತಿಸಲ 0.8. ಒಂದು ಊರಿನ ಖಾಸಗಿ ಸ್ಟೇಷನ್ನುಗಳ ನಡುವೆ 800 ಕಿಲೋಹರ್ಟ್ಸ್ ಬಿಡಬೇಕು ಅಂತ ಇಟ್ಟ ನಿಯಮ ಅದು. 88ರಿಂದ 108ರವರೆಗೆ ಆ ಲೆಕ್ಕದಲ್ಲಿ ಇಪ್ಪತ್ತೈದೇ ಕುರ್ಚಿ. ಅದರಲ್ಲಿ ಆಕಾಶವಾಣಿಗೆ ಕೆಲವು, ಸಮುದಾಯ ಬಾನುಲಿಗೆ ಕೆಲವು, ಉಳಿದದ್ದು ಹರಾಜು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ. ಆಗ ಕನ್ನಡ ಹಾಡಿಗಾಗಿ ಹುಡುಕಬೇಕಿತ್ತು. 'ಎಫ್.ಎಂ. ಅಂದರೆ ಹಿಂದಿ, ಇಂಗ್ಲಿಷ್, ಕನ್ನಡ ಬೇಕಾದರೆ ಎ.ಎಂ.ಗೆ ಹೋಗಿ' ಅಂತ ಒಬ್ಬ ಗಿರಾಕಿ ನನ್ನ ಅಂಗಡಿಯಲ್ಲೇ ನಿಂತು ಹೇಳಿದ್ದ. ಎಂ.ಜಿ. ರೋಡ್ ಅಂದರೆ ಇಂಗ್ಲಿಷ್ ಅಂದ ಹಾಗೆ! ರಸ್ತೆಗೆ ಭಾಷೆ ಇಲ್ಲ ಸ್ವಾಮಿ, ಅಲ್ಲಿ ಅಂಗಡಿ ಇಟ್ಟವನ ಬಾಯಿಗೆ ಇರೋದು. 2006ರ ಸುಮಾರಿಗೆ ಎರಡನೇ ಸುತ್ತಿನ ಕೇಂದ್ರಗಳು ಬಂದ ಮೇಲೆ ಕನ್ನಡದ ಪಾಲು ಏರಿತು. ಬೀದಿ ಅದೇ, ಧಾಟಿ ಅದೇ. ಬದಲಾದದ್ದು ಮಾತು. ಹಾಗಾಗಿ ಮಾತಿನ ಬಗ್ಗೆ ಬರೆಯಿರಿ. ಲೈಸೆನ್ಸಿನ ಷರತ್ತಿನಲ್ಲಿ ಸ್ಥಳೀಯ ಭಾಷೆಗೆ ಇಂತಿಷ್ಟು ಹೊತ್ತು ಇರಲಿ ಅಂತ ಕೇಳಿ.

ಕೇಳಲು ನಿಮಗೆ ಹಕ್ಕಿದೆ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ, ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಅಂತ ತೀರ್ಪು ಕೊಟ್ಟಿದೆ. ಆದರೆ ತೀರ್ಪು ಬಂದ ಮಾತ್ರಕ್ಕೆ ಕುರ್ಚಿ ಸಿಗೋದಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯವರನ್ನು ನೋಡಿ. ಈ ಶತಮಾನದ ಆರಂಭದಲ್ಲಿ ಹಳ್ಳಿಯ ಹೆಣ್ಣುಮಕ್ಕಳೇ ಕೂತು 'ನಮ್ಮ ಧ್ವನಿ' ಅಂತ ಕಾರ್ಯಕ್ರಮ ಮಾಡಿದರು. ಆಗ ಅಂಥವರಿಗೆ ಲೈಸೆನ್ಸು ಕೊಡುವ ಕಾನೂನೇ ಇರಲಿಲ್ಲ. ಏನು ಮಾಡಿದರು? ಕೇಬಲ್ಲಿನಲ್ಲಿ ಕಳಿಸಿದರು! ಬೀದಿಯೇ ಇಲ್ಲದ ಬಾನುಲಿ. ಸಂಘ-ಸಂಸ್ಥೆಗಳಿಗೂ ಸಮುದಾಯ ಬಾನುಲಿ ಕೊಡುವ ನೀತಿ ಬಂದದ್ದು 2006ರ ಕೊನೆಗೆ. 50 ವ್ಯಾಟಿನ ಪುಟ್ಟ ಪ್ರಸಾರಕ, ಹತ್ತು ಹದಿನೈದು ಕಿಲೋಮೀಟರು ಸುತ್ತಳತೆ. 'ಆಕಾಶವಾಣಿ' ಅನ್ನುವ ಹೆಸರಿನಲ್ಲಿ 1935ರಲ್ಲಿ ಮೈಸೂರಿನ ಪ್ರೊಫೆಸರ್ ಗೋಪಾಲಸ್ವಾಮಿಯವರು ಮನೆಯಿಂದ ಬಾನುಲಿ ನಡೆಸಿದರಲ್ಲ, ಅದೂ ಅಂಥದ್ದೇ ಪುಟ್ಟದು. ನಿಮ್ಮ ಕೂಟ ಅರ್ಜಿ ಹಾಕಬಾರದೇ?

ಮೊದಲನೇ ಬೇಡಿಕೆಯನ್ನು ನಾನು ಹೀಗೆ ತಿದ್ದಿ ಕೊಟ್ಟಿದ್ದೇನೆ, ಕಾರ್ಯದರ್ಶಿಗಳ ಹತ್ತಿರ ಇದೆ: 'ಕರ್ನಾಟಕದ ಮಧ್ಯಮ ತರಂಗ ಕೇಂದ್ರಗಳನ್ನು ಉಳಿಸಬೇಕು, ಅವುಗಳ ಡಿಜಿಟಲ್ ಪ್ರಸಾರ ಕೇಳುವ ಅಗ್ಗದ ಸೆಟ್ಟು ಸಿಗುವಂತೆ ಮಾಡಬೇಕು, 88ರಿಂದ 108 ಮೆಗಾಹರ್ಟ್ಸಿನ ಕೇಂದ್ರಗಳ ಲೈಸೆನ್ಸಿನಲ್ಲಿ ಕನ್ನಡದ ಹೊತ್ತನ್ನು ಷರತ್ತಾಗಿ ಹಾಕಬೇಕು.' ಬ್ಯಾಂಡಿಗೆ ಬ್ಯಾಂಡಿನ ಮಾತು, ಧಾಟಿಗೆ ಧಾಟಿಯದು, ಭಾಷೆಗೆ ಭಾಷೆಯದು. ಸಹಿ ಹಾಕುವ ಮೊದಲು ಒಮ್ಮೆ ಓದಿ. ಹಳೇ ಪ್ರತಿಗೆ ಆಗಲೇ ಸಹಿ ಹಾಕಿದವರು ದಯವಿಟ್ಟು ಮತ್ತೊಮ್ಮೆ ಹಾಕಿ.

ಒಂದು ಸೆಟ್ಟು ತಂದಿದ್ದೇನೆ. ಆ ಎಲ್.ಇ.ಡಿ. ದೀಪ ಆರಿಸಿ, ಗೋಡೆಗೆ ಚುಚ್ಚಿದ ಚಾರ್ಜರುಗಳನ್ನೂ ಕಿತ್ತುಬಿಡಿ. ಸ್ವಿಚ್ಚು ಎಂ.ಡಬ್ಲ್ಯು.ಗೆ ಹಾಕು ತಮ್ಮಾ. ಏರಿಯಲ್ಲು ಎಳೆಯಬೇಡ, ಅದು ಎಫ್.ಎಂ. ಬೀದಿಗೆ. ಇದರ ಆಂಟೆನಾ ಒಳಗೆ ಕಪ್ಪು ಕಡ್ಡಿಯ ಮೇಲೆ ಸುತ್ತಿದೆ. ಸೆಟ್ಟನ್ನೇ ತಿರುಗಿಸು... ಇನ್ನೂ ಸ್ವಲ್ಪ... ಹಾಂ, ಅಲ್ಲಿ ಬಿಡು.